ಸ್ಟೂಲಿನ ಮೇಲಿನ ಹುಡುಗಿ

ಆ ದಿನ ಬೆಳಿಗ್ಗೆಯಿಂದ ಅವಳಿಗೆ ತನ್ನ ಎಡಭುಜವನ್ನು ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಅವಳ ಬೆನ್ನ ಹಿಂದೆ ಇದ್ದದ್ದು ಬರೀ ಗೋಡೆ. ಆದರೂ ಮೇಣದಲ್ಲಿ ಕೂಡಿಸಿದ ಹಲ್ಲಿನ ಸಾಲನ್ನು ದೀಪದ ಕೆಳಗೆ ತಿರುಗಿಸಿ ನೋಡುವಾಗೆಲ್ಲ ಚಿಕ್ಕಂದಿನಿಂದ ತುಸು ಇಳಿದೇ ಇರುವ ಆ ಭುಜವನ್ನು ತಾನಾಗಿಯೇ ಮೇಲೆತ್ತಿ ಹಿಡಿಯುತ್ತಿದ್ದಳು. ಕತ್ತು ಸೆಟೆದುಕೊಂಡಾಗ ಬಿಡುತ್ತಿದ್ದಳು, ಬಿಟ್ಟ ಕೂಡಲೇ ಏನೋ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವಳಂತೆ ಮತ್ತೆ ಎತ್ತುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಊರಿನ ಅರ್ಧ ಮುದುಕರು ಅವಳು ಕಟ್ಟಿದ ಹಲ್ಲಿನಲ್ಲೇ ಅಗಿಯುತ್ತಾರೆ, ನಗುತ್ತಾರೆ, ಸೊಸೆಯಂದಿರನ್ನು ಬೈಯುತ್ತಾರೆ. ಲ್ಯಾಬಿನವರು ಅವಳನ್ನು ಹಲ್ಲಕ್ಕ ಅನ್ನುತ್ತಾರೆ. ಆ ಹೆಸರು ಕೇಳಿ ಅಮ್ಮ ಒಮ್ಮೆ, "ನಾನು ಊರಿಗೆಲ್ಲ ಮೈ ತುಂಬ ಉಡೋದು ಕಲಿಸ್ದೆ, ನನ್ನ ಮಗಳು ಬಾಯಿ ತೆರೆಸಿ ನೋಡ್ತಾಳೆ" ಎಂದು ಬಂದವರ ಮುಂದೆ ನಕ್ಕಿದ್ದಳು. ಬಂದವರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ನಗುವಾಗಲೂ ಭುಜ ಎತ್ತಿ ಹಿಡಿದಿದ್ದಳು.

ಅಣ್ಣ ಹಿಂದಿನ ದಿನ ಫೋನು ಮಾಡಿದ್ದ. "ನಾಳೆ ಮಧ್ಯಾಹ್ನ ಶಿಲ್ಪಿ ಶೆಡ್ಡಿಗೆ ಬಾ. ಅಮ್ಮನ ಪ್ರತಿಮೆಯ ಮಣ್ಣಿನ ಕೆಲಸ ಮುಗಿದಿದೆ. ನಾಡಿದ್ದು ಎರಕದೋರು ಬಂದು ಅಚ್ಚು ತಗೋತಾರೆ. ಅದಕ್ಕೆ ಮುಂಚೆ ಮನೆಯೋರು ನೋಡಿ ಹೂಂ ಅಂದ್ಬಿಡ್ಬೇಕಂತೆ. ನಾನು ಅಂದಾಯ್ತು. ನೀನು ಅಂದ್ರೆ ಮುಗೀತು."

"ನೀನು ಅಂದ್ಮೇಲೆ ನಾನ್ಯಾಕೆ?"

"ಅಮ್ಮನ ಮುಖ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೇವರೆಗೂ ನೋಡ್ಕೊಂಡೋಳು ನೀನು." ಅವನ ದನಿಯಲ್ಲಿ ಏನೋ ಬಚ್ಚಿಟ್ಟುಕೊಂಡ ಸಂಭ್ರಮವಿತ್ತು. "ಬಾ ನೀನು. ನಿನಗೇ ಅಂತ ಒಂದು ಇದೆ ಅದರಲ್ಲಿ. ಹೇಳಲ್ಲ."

ಕೊನೆಯವರೆಗೂ ನೋಡಿಕೊಂಡವಳು. ಅಮ್ಮ ಸತ್ತ ಮೇಲೆ ಎಲ್ಲರೂ ಆಡುವ ಮಾತು ಇದು. ನೋಡಿಕೊಂಡದ್ದು ನಿಜ, ಒರೆಸಿದ್ದು, ತಿನ್ನಿಸಿದ್ದು, ಮಗ್ಗುಲು ಬದಲಿಸಿದ್ದು ಎಲ್ಲ ನಿಜ. ಅದರ ನಡುವೆ ಮಾಡಿದ ಇನ್ನೊಂದು ಕೆಲಸ ಯಾರಿಗೂ ಗೊತ್ತಿರಲಿಲ್ಲ. ಅವಳು ಕೈ ತೊಳೆದು, ಏಪ್ರನ್ ಕಳಚಿ, ಕನ್ನಡಿಯಲ್ಲಿ ಭುಜ ನೋಡಿಕೊಂಡು ಬಸ್ಸು ಹತ್ತಿದಳು.

ಬಸ್ಸು ಬಟ್ಟೆ ಮಾರುಕಟ್ಟೆಯ ಮುಂದಿನ ಚೌಕವನ್ನು ಸುತ್ತಿಕೊಂಡು ಹೋಯಿತು. ನಡುವೆ ಪ್ರತಿಮೆಗೆಂದು ಕಲ್ಲಿನ ಪೀಠ ಆಗಲೇ ಎದ್ದಿತ್ತು, ಅದರ ಮೇಲೆ ಯಾರೋ ತರಕಾರಿ ಚೀಲ ಇಟ್ಟುಕೊಂಡು ಕಾಲು ಇಳಿಬಿಟ್ಟು ಕೂತಿದ್ದರು. ಈ ಚೌಕದ ಹಿಂದಿನ ಗಲ್ಲಿಯಲ್ಲೇ ಅಮ್ಮ ಬಾಡಿಗೆಯ ಮುಂಗೋಣೆಯಲ್ಲಿ ಒಂದು ಹೊಲಿಗೆ ಮಿಷನ್ನು ಇಟ್ಟುಕೊಂಡು ಶುರು ಮಾಡಿದ್ದು. ಆಗ ಹೆಂಗಸರ ಬಟ್ಟೆಯನ್ನು ಕತ್ತರಿಸುವವರೆಲ್ಲ ಗಂಡಸರೇ. ಹೆಂಗಸು ಹೊಲಿಯಬಹುದಿತ್ತು, ಗುಂಡಿ ಹಾಕಬಹುದಿತ್ತು, ಕತ್ತರಿ ಮಾತ್ರ ಹಿಡಿಯುವ ಹಾಗಿರಲಿಲ್ಲ. ಅಮ್ಮ ಹಿಡಿದಳು. ಬಾಗಿಲ ಮೇಲೆ ತನ್ನ ಹೆಸರನ್ನೇ ಬರೆಸಿದಳು, ಗಂಡನದ್ದಲ್ಲ. ಅವಳು ಹೊಲಿದದ್ದು ತೊಟ್ಟು ಓಡಿ ಬಸ್ಸು ಹತ್ತಬಹುದಾದ ಉಡುಪು, ಎರಡು ಕೈಯೂ ಇಳಿಯುವ ಜೇಬಿನ ಉಡುಪು. ನರ್ಸುಗಳು, ಟೈಪಿಸ್ಟರು, ಶಾಲೆಯ ಟೀಚರುಗಳು ಅದನ್ನು ತೊಟ್ಟು ಬೀದಿಗಿಳಿದ ಮೇಲೆ ಗಲ್ಲಿಯ ಗಂಡಸರೂ ತಮ್ಮ ಅಂಗಡಿಗಳಲ್ಲಿ ಜೇಬು ಹೊಲಿಯತೊಡಗಿದರು. ಈಗ ಬಸ್ಸಿನಲ್ಲಿ ಅವಳ ಪಕ್ಕ ನಿಂತಿದ್ದ ಹುಡುಗಿ ಜೇಬಿನಿಂದ ಚಿಲ್ಲರೆ ತೆಗೆಯುತ್ತಿದ್ದಳು, ಅದರಲ್ಲಿ ಯಾವ ವಿಶೇಷವೂ ಇಲ್ಲವೆಂಬಂತೆ. ಇದನ್ನೆಲ್ಲ ಸಾಧಿಸಿದವಳು ನನ್ನಮ್ಮ ಎಂದು ಅವಳಿಗೆ ಎದೆಯುಬ್ಬಿ ಬರಬೇಕಿತ್ತು, ಬರುತ್ತಲೂ ಇತ್ತು. ಆದರೆ ಅದರ ಬೆನ್ನಿಗೇ, ಊರಿನ ಹೆಂಗಸರಿಗೆಲ್ಲ ಸರಿಹೊಂದಿದ ಬಟ್ಟೆ ನನಗೊಬ್ಬಳಿಗೆ ಯಾಕೆ ಹೊಂದಲಿಲ್ಲ ಎಂಬ ಹಳೆಯ ಕಿರಿಕಿರಿಯೂ ಬಂತು. ನೀನು ನೆಟ್ಟಗೆ ನಿಂತ್ರೂ ಬಟ್ಟೆ ಸೊಟ್ಟ ನಿಲ್ಲುತ್ತಲ್ಲೇ. ಅಮ್ಮ ಬೈದು ಹೇಳಿದ ಮಾತಲ್ಲ ಅದು. ತನಗೆ ತಾನೇ ಹೇಳಿಕೊಂಡಂತೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಒಂದು ಲೆಕ್ಕ ತಪ್ಪಿದವಳ ಬೇಸರದಲ್ಲಿ ಹೇಳಿದ್ದು. ಬೈದಿದ್ದರೆ ಮರೆತುಬಿಡಬಹುದಿತ್ತು.

ಶಿಲ್ಪಿಯ ಶೆಡ್ಡು ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಜಾಗ. ನೆಲದಲ್ಲಿ ಎಣ್ಣೆಯ ಕಲೆ ಇನ್ನೂ ಇತ್ತು, ತಗಡಿನ ಮಾಡಿನ ಕೆಳಗೆ ಒದ್ದೆ ಮಣ್ಣಿನ ತಂಪು. ಪ್ರತಿಮೆ ಸಮಿತಿಯ ಅಧ್ಯಕ್ಷೆ, ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಅಮ್ಮ ಹೊಲಿದ ಹಳೆಯ ಬೂದು ಉಡುಪನ್ನೇ ತೊಟ್ಟು ಬಂದಿದ್ದರು. ಮಾತಾಡುವಾಗೊಮ್ಮೆ ಜೇಬಿಗೆ ಕೈ ಇಳಿಸಿ ಅದರ ಆಳವನ್ನು ಎಲ್ಲರಿಗೂ ತೋರಿಸುತ್ತಿದ್ದರು. ಅಣ್ಣ ಗಡಿಯಾರ ನೋಡುತ್ತ ಓಡಾಡುತ್ತಿದ್ದ; ಅಮ್ಮನ ಹೆಸರಿನ ಅಂಗಡಿಯನ್ನು ಅವನೇ ನಡೆಸುತ್ತಿದ್ದದ್ದು, ಪ್ರತಿಮೆ ಅನಾವರಣದ ದಿನವೇ ಹೊಸ ಶೋರೂಮು ತೆರೆಯುವ ಯೋಚನೆ ಅವನದು. ಅತ್ತಿಗೆ ದೂರದಲ್ಲಿ ಕಿಟಕಿಗೆ ಒರಗಿ ನಿಂತಿದ್ದಳು, ಉದ್ದ ಕತ್ತಿನ ಎತ್ತರದ ಹೆಂಗಸು. ಇವಳನ್ನು ಕಂಡು ತಲೆ ಅಲ್ಲಾಡಿಸಿದಳು, ನಗಲಿಲ್ಲ. ಶಿಲ್ಪಿ ಸಣ್ಣ ಆಳು, ಉಗುರಿನ ತುಂಬ ಮಣ್ಣು. ಮಾತಾಡುವಾಗ ಅವನು ಎದುರಿನವರ ಕಣ್ಣನ್ನು ಬಿಟ್ಟು ದವಡೆಯನ್ನು ನೋಡುತ್ತಿದ್ದ. ಅದು ಅವಳದ್ದೂ ಅಭ್ಯಾಸವಾದ್ದರಿಂದ ಅವನ ನೋಟ ಎಲ್ಲಿ ಇಳಿಯುತ್ತಿದೆ ಎಂದು ಅವಳಿಗೆ ತಿಳಿಯುತ್ತಿತ್ತು: ದವಡೆ, ಕತ್ತು, ಎಡಭುಜ. ಅಲ್ಲಿ ಒಂದು ಕ್ಷಣ ನಿಂತಿತು. ಅವಳು ಭುಜ ಎತ್ತಿದಳು.

"ತೆಗೀಲಾ?" ಎಂದ ಶಿಲ್ಪಿ, ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಸುಲಿದ.

ಮೊದಲು ಕಂಡದ್ದು ಅಮ್ಮನ ಬೆನ್ನು. ನಿಜವಾದ ಅಳತೆಗಿಂತ ತುಸು ದೊಡ್ಡದಾಗಿ, ಒಂದು ಮಂಡಿ ನೆಲಕ್ಕೂರಿ ಅಮ್ಮ ಕೂತಿದ್ದಳು. ಒಂದು ಕೈ ಪುಟ್ಟ ಉಡುಪಿನ ಅಂಚು ಹಿಡಿದಿತ್ತು, ತುಟಿಗಳ ನಡುವೆ ಗುಂಡುಸೂಜಿ ಸಾಲಾಗಿದ್ದವು, ಮುಖವನ್ನು ಮೇಲಕ್ಕೆತ್ತಿದ್ದಳು. ಅವಳು ಆ ಮುಖವನ್ನು ನೋಡಲು ಹೋಗಲಿಲ್ಲ. ಏಕೆಂದರೆ ಆ ಹೊತ್ತಿಗೆ ಕೊನೆಯ ಬಟ್ಟೆಯೂ ಜಾರಿತು, ಸ್ಟೂಲಿನ ಮೇಲೆ ನಿಂತ ಹುಡುಗಿ ಕಂಡಳು. ಎರಡೂ ಕೈಗಳನ್ನು ಪಕ್ಕಕ್ಕೆ ನೀಟಾಗಿ ಚಾಚಿ ನಿಂತ, ನೆಟ್ಟನೆ ಕತ್ತಿನ, ಪಟ್ಟಿ ಇಟ್ಟು ಎಳೆದಂತೆ ಸಮನಾದ ಭುಜಗಳ ಹುಡುಗಿ. ಆ ಭುಜಗಳ ಮೇಲೆ ಅವಳದೇ ಮುಖವಿತ್ತು. ಅವಳದೇ ಅಗಲ ಹಣೆ, ಅವಳದೇ ಮೊಂಡು ಮೂಗು.

"ಹೇಗಿದೆ?" ಅಣ್ಣ ತಡೆಯಲಾರದೆ ಕೇಳಿದ. "ನಿನ್ನ ಸ್ಕೂಲ್ ಫೋಟೋ ಹುಡುಕಿ ಕೊಟ್ಟಿದ್ದು ನಾನೇ. ಆ ಪೇಪರಿನ ಚಿತ್ರದಲ್ಲಿ ನಿನ್ನ ತಲೆ ಕಟ್ ಆಗಿತ್ತಲ್ಲ, ಇವರು ಜೋಡಿಸಿದಾರೆ. ಇನ್ಮೇಲೆ ನೀನೂ ಚೌಕದಲ್ಲಿ ಪರ್ಮನೆಂಟು!"

"ಆ ಕೈಗಳನ್ನ ನೋಡಿ," ಎಂದರು ಅಧ್ಯಕ್ಷೆ. "ಹಾರೋಕೆ ಹೊರಟ ಹಕ್ಕಿ ಥರ ಇಲ್ವಾ? ಹೊಸ ಕಾಲದ ಹೆಣ್ಣು. ಭಾಷಣದಲ್ಲಿ ಇದನ್ನೇ ಹೇಳ್ಬೇಕು ಅಂತಿದೀನಿ."

ಆ ಪೇಪರಿನ ಚಿತ್ರ ಅವಳಿಗೆ ಚೆನ್ನಾಗಿ ಗೊತ್ತು, ಊರಿಗೇ ಗೊತ್ತು. ಅಮ್ಮನ ಬಗ್ಗೆ ಪೇಪರಿನಲ್ಲಿ ಬಂದ ಮೊದಲ ಚಿತ್ರ ಅದು. ಮಂಡಿಯೂರಿದ ಅಮ್ಮ, ಸ್ಟೂಲಿನ ಮೇಲೆ ಕತ್ತಿನವರೆಗೆ ಮಾತ್ರ ಕಾಣುವ ಮಗು, ಕೆಳಗೆ ಒಂದು ಸಾಲು: ಮಗಳಿಗೆ ಹೊಸ ಉಡುಪಿನ ಅಳತೆ ನೋಡುತ್ತಿರುವ ವಿನ್ಯಾಸಕಿ. ಪೇಪರಿನವನು ಯಾರನ್ನೂ ಕೇಳಿರಲಿಲ್ಲ. ಕೇಳುವ ಅಗತ್ಯವೇನಿತ್ತು, ತಾಯಿಯೊಬ್ಬಳು ಮಗುವಿನ ಮುಂದೆ ಮಂಡಿಯೂರಿದ್ದರೆ ಅದು ಅವಳ ಮಗಳಲ್ಲದೆ ಇನ್ಯಾರು? ಅಮ್ಮ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದಳು, ಬಂದವರೆಲ್ಲ ಇವಳ ಗಲ್ಲ ಹಿಂಡಿ "ಓ, ಆ ಫೋಟೋದ ಪುಟಾಣಿ" ಅಂದರು, ಅಮ್ಮ ಒಂದು ಸಲವೂ ಅಲ್ಲ ಅನ್ನಲಿಲ್ಲ, ಇವಳೂ ಅನ್ನಲಿಲ್ಲ. ಆ ಚಿತ್ರ ತೆಗೆದ ಹೊತ್ತಿನಲ್ಲಿ ಇವಳು ಪರದೆಯ ಹಿಂದೆ ನಿಂತಿದ್ದಳು. ಪರದೆಯ ಬಟ್ಟೆ ಒರಟು, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅದಕ್ಕೆ ಸ್ವಲ್ಪ ದಿನ ಮೊದಲು ಅಮ್ಮ, "ನೀನು ಇಳಿ, ಪುಟ್ಟ, ಇವಳು ಹತ್ತಲಿ" ಎಂದಿದ್ದಳು. ಇವಳು ಇಳಿದಿದ್ದಳು. ಮುಖ್ಯ ಹೊಲಿಗೆಯವಳ ಮಗಳು, ಇವಳದೇ ವಯಸ್ಸಿನ, ಇವಳ ಜೊತೆಗೇ ಬಟನ್ನು ಆರಿಸುತ್ತಿದ್ದ ಹುಡುಗಿ, ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದ್ದಳು. ಅಮ್ಮ ಅವಳ ಭುಜದ ಮೇಲಿಂದ ಟೇಪು ಇಳಿಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಗೊಂಬೆ!" ಎಂದಿದ್ದಳು. ಆವತ್ತಿನಿಂದ ಅವಳ ಹೆಸರು ಅದೇ ಆಯಿತು. ಯಾವ ಗಿರಾಕಿಗೂ ಬಾಗದ ಅಮ್ಮ ಗೊಂಬೆಯ ಮುಂದೆ ಮಾತ್ರ ಮಂಡಿಯೂರುತ್ತಿದ್ದಳು. ಮಧ್ಯಾಹ್ನವೆಲ್ಲ ಅವಳ ಸುತ್ತ ನೆಲದ ಮೇಲೆ ಸರಿದಾಡುತ್ತ ಉಡುಪಿನ ಅಂಚಿಗೆ ಸೂಜಿ ಚುಚ್ಚುತ್ತಿದ್ದಳು. ಮುಂದೆ ಅಣ್ಣ ಅದೇ ಗೊಂಬೆಯನ್ನು ಮದುವೆಯಾದಾಗ ಅಮ್ಮ ಇವಳನ್ನು ಅಡುಗೆಮನೆಗೆ ಕರೆದು, "ಇನ್ಮೇಲೆ ಹೆಸರು ಹಿಡಿದು ಕೂಗ್ಬೇಡ. ಅತ್ತಿಗೆ ಅನ್ನು, ನೀವು ಅನ್ನು" ಎಂದಳು. ಇವಳು ಅಂದಳು. ಮೂವತ್ತು ವರ್ಷದಿಂದ ಅನ್ನುತ್ತಲೇ ಇದ್ದಾಳೆ.

ಈಗ ಆ ಅತ್ತಿಗೆ ಕಿಟಕಿಯ ಬಳಿ ನಿಂತು ಮಣ್ಣಿನ ಹುಡುಗಿಯನ್ನು ನೋಡುತ್ತಿದ್ದಳು. ತನ್ನ ಮೈಯನ್ನು ಗುರುತಿಸಿದಳೇ? ಗುರುತಿಸದೆ ಇರುವುದು ಹೇಗೆ? ಆದರೂ ಮಾತಿಲ್ಲ. ಆ ಮೌನ ತನ್ನನ್ನು ಪರೀಕ್ಷಿಸುತ್ತಿದೆ ಎಂದು ಇವಳಿಗೆ ಅನ್ನಿಸಿತು. ಬಾಯಿ ಬಿಡುತ್ತೀಯೋ, ಇದನ್ನೂ ನುಂಗಿಬಿಡುತ್ತೀಯೋ ನೋಡೋಣ. ನುಂಗಿದ್ದು ಇದೇ ಮೊದಲಾಗಿದ್ದರೆ ಸುಲಭವಾಗುತ್ತಿತ್ತು. ಅಮ್ಮನ ಕೊನೆಯ ತಿಂಗಳುಗಳಲ್ಲಿ ನೆನಪೆಲ್ಲ ಕಲಸಿಹೋದ ಮೇಲೆ ಒಂದು ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟು ಇವಳ ಕಡೆ ನೋಡಿ ನಕ್ಕಳು. ಅಂಥ ನಗುವನ್ನು ಇವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. "ಬಂದ್ಯಾ, ಗೊಂಬೆ?" ಎಂದಳು ಅಮ್ಮ. ಇವಳು ತಿರುಗಿ ನೋಡಿದಳು, ಹಿಂದೆ ಯಾರೂ ಇರಲಿಲ್ಲ. ನಾನು ನಿಮ್ಮ ಮಗಳು ಅನ್ನಬೇಕಿತ್ತು. "ಹೂಂ" ಎಂದಳು. "ಕೈ ಎತ್ತು." ಎತ್ತಿದಳು. ಅಮ್ಮನ ಬೆರಳುಗಳು, ಚಮಚ ಹಿಡಿಯಲಾರದವು, ಇವಳ ಕಂಕುಳಿನಿಂದ ಸೊಂಟದವರೆಗೆ ಇಲ್ಲದ ಬಟ್ಟೆಗೆ ಇಲ್ಲದ ಸೂಜಿಗಳನ್ನು ಒಂದಿಷ್ಟೂ ತಪ್ಪದೆ ಚುಚ್ಚುತ್ತ ಹೋದವು. "ಎಂಥಾ ಭುಜ ನಿಂದು. ನನ್ನ ಹೊಟ್ಟೇಲಿ ಹುಟ್ಬೇಕಿತ್ತು ನೀನು." ಅದಕ್ಕೂ ಇವಳು ಹೂಂ ಅಂದಳು. ದಿನವೂ ಅಂದಳು. ಅತ್ತಿಗೆ ಮನೆಗೆ ಬರುತ್ತೇನೆಂದು ಫೋನು ಮಾಡಿದಾಗೆಲ್ಲ, "ಈಗ ತಾನೆ ನಿದ್ದೆ ಹೋಗಿದಾರೆ ಅತ್ತಿಗೆ, ನಾಳೆ ಬನ್ನಿ" ಎಂದಳು. ಅತ್ತಿಗೆ ಎದುರು ಬಂದು ನಿಂತರೆ ಅಮ್ಮನಿಗೆ ನಿಜವಾದ ಗೊಂಬೆ ಯಾರೆಂದು ತಿಳಿದುಬಿಡುತ್ತದಲ್ಲ, ಆ ನಗು ನಿಂತುಬಿಡುತ್ತದಲ್ಲ. ಹೀಗೆ ನಾಳೆ ನಾಳೆ ಎನ್ನುತ್ತಲೇ ಅಮ್ಮ ಹೋಗಿಬಿಟ್ಟಳು. ಸಾವಿನ ಮನೆಯಲ್ಲಿ ಅತ್ತಿಗೆ ಮೂಲೆಯಲ್ಲಿ ಕೂತಿದ್ದಳು. ಅತ್ತದ್ದನ್ನು ಯಾರೂ ಕಾಣಲಿಲ್ಲ.

"ಒಂದು ಅನುಮಾನ ಇದೆ ನಂಗೆ," ಎಂದ ಶಿಲ್ಪಿ. ಅವನು ಇವಳ ಪಕ್ಕಕ್ಕೇ ಬಂದು ನಿಂತಿದ್ದ. "ತಪ್ಪು ತಿಳ್ಕೋಬೇಡಿ. ಫೋಟೋದಲ್ಲಿ ಮಗು ಭುಜ ಎರಡೂ ಸಮ ಇದೆ. ನಿಮ್ಮದು ನೋಡಿದ್ರೆ…"

"ಅದು ವಯಸ್ಸಾದ್ಮೇಲೆ ಬಂದಿದ್ದು," ಎಂದ ಅಣ್ಣ. "ದಿನವಿಡೀ ಬಗ್ಗಿ ಕೂತು ಹಲ್ಲು ಕಟ್ಟೋ ಕೆಲಸ ನೋಡಿ."

ಎಲ್ಲರೂ ಇವಳ ಭುಜವನ್ನು ನೋಡಿದರು. ಅಧ್ಯಕ್ಷೆ ನೋಡಿ, ನೋಡಲಿಲ್ಲವೆಂಬಂತೆ ಮುಖ ತಿರುಗಿಸಿ ಜೇಬಿಗೆ ಕೈ ಇಳಿಸಿದರು. ಎತ್ತಿ ಹಿಡಿದ ಭುಜ ನಡುಗತೊಡಗಿತ್ತು, ಇಳಿಸಿದರೆ ಅವರ ಮುಂದೆಯೇ ಇಳಿಸಬೇಕು.

"ಕೈ ತೊಳೀಬೇಕಿತ್ತು," ಎಂದಳು. "ನಲ್ಲಿ ಎಲ್ಲಿದೆ?"

ಅವಳ ಕೈ ಚೊಕ್ಕಟವಾಗಿಯೇ ಇತ್ತು. ಶಿಲ್ಪಿ ಹಿತ್ತಲ ಬಾಗಿಲು ತೋರಿಸಿದ.

ಹಿತ್ತಲಲ್ಲಿ ಮುರಿದ ಪ್ಲಾಸ್ಟರ್ ಅಚ್ಚುಗಳ ರಾಶಿ, ಅರ್ಧ ಮೂಗು, ಬೆರಳಿಲ್ಲದ ಅಂಗೈ. ನಲ್ಲಿ ತಿರುಗಿಸಿ ನೀರಿಗೆ ಮಣಿಕಟ್ಟು ಒಡ್ಡಿದಳು. ಹಿಂದೆ ಬಾಗಿಲು ಕಿರುಗುಟ್ಟಿತು. ಅತ್ತಿಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

"ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು ಇವಳು, ತಿರುಗದೆ.

"ಏನಂತ?"

"ಗೊತ್ತಿದ್ದೂ ಕೇಳ್ತೀರಲ್ಲ ಅತ್ತಿಗೆ. ಅದು ನೀವು."

"ನೀನೇ ಇರು," ಎಂದಳು ಅತ್ತಿಗೆ. "ಮುಖ ಹೇಗೂ ನಿಂದೇ ಇದೆ. ಹೂಂ ಅಂದ್ಬಿಡು, ಮನೆಗೆ ಹೋಗೋಣ. ನಿಮ್ಮಣ್ಣಂಗೆ ಇವತ್ತಿಗೂ ಗೊತ್ತಾಗಿಲ್ಲ ನೋಡು, ಇಷ್ಟು ವರ್ಷ ಪಕ್ಕದಲ್ಲಿ ಮಲಗಿ." ಅವಳು ಮೂಗಿನಲ್ಲಿ ನಕ್ಕಳು. "ನಂಗೆ ಮಾತ್ರ ಆ ಸ್ಟೂಲು ಬೇಡ. ಸತ್ತ ಮೇಲೂ ಅಲ್ಲಿ ಕೈ ಚಾಚ್ಕೊಂಡು ನಿಲ್ಲೋಕೆ ನಂಗಾಗಲ್ಲ."

ಇವಳು ತಿರುಗಿದಳು.

"ಹಕ್ಕಿಯಂತೆ," ಎಂದಳು ಅತ್ತಿಗೆ. "ಕೈ ಎಷ್ಟು ನೋಯ್ತಿತ್ತು ಗೊತ್ತಾ? ಸ್ವಲ್ಪ ಇಳಿದ್ರೆ ನಿಮ್ಮಮ್ಮ ಬೈತಿರಲಿಲ್ಲ. ಬಾಯ್ತುಂಬ ಸೂಜಿ, ಹೇಗೆ ಬೈತಾರೆ. ಮರದ ಸ್ಕೇಲ್ ತಗೊಂಡು ಮೊಣಕೈ ಕೆಳಗೆ ಹೀಗೆ ಮೆಲ್ಲಗೆ ತಟ್ಟೋರು. ಮೆಲ್ಲಗೇ. ಮತ್ತೆ ಎತ್ತೋದು. ನನ್ನಮ್ಮ ಅಲ್ಲೇ ಮಿಷನ್ ಮುಂದೆ ಕೂತಿರ್ತಿದ್ಲು. ಒಂದ್ಸಲನೂ 'ಸಾಕು ಬಿಡಿ ಮೇಡಂ, ಮಗು' ಅನ್ನಲಿಲ್ಲ. ಅನ್ನೋ ಹಾಗಿರಲಿಲ್ಲ. ಒಂದಿನ ಉಚ್ಚೆ ತಡ್ಕೊಳ್ಳೋಕಾಗ್ದೆ ಆ ಬಿಳೀ ರೇಷ್ಮೇಲೇ ಹೊಯ್ಕೊಂಡ್ಬಿಟ್ಟೆ. ನನ್ನಮ್ಮ ತೊಳೆದು ತಂದ್ಲು. ಒಣಗಿದ ಮೇಲೆ ಮತ್ತೆ ಹತ್ತಿಸಿದ್ರು. ನೀನು ಪರದೆ ಹಿಂದೆ ನಿಂತಿರ್ತಿದ್ದೆ. ನಿನ್ನ ಕಾಲು ಕಾಣ್ತಿತ್ತು. ಇವಳು ಎಷ್ಟು ಪುಣ್ಯವಂತೆ, ಎಲ್ಲಿ ಬೇಕಾದ್ರೂ ಹೋಗಬಹುದು, ಆದ್ರೂ ಇಲ್ಲೇ ನಿಂತಿದಾಳಲ್ಲ ಅನ್ನಿಸೋದು."

ನಲ್ಲಿ ಸುರಿಯುತ್ತಲೇ ಇತ್ತು. ಇವಳು ಅದನ್ನು ನಿಲ್ಲಿಸಿದಳು. ಎದೆಯೊಳಗೆ ಎಷ್ಟೋ ವರ್ಷದಿಂದ ಭದ್ರವಾಗಿ ಕೂತಿದ್ದ ಒಂದು ಹೊಟ್ಟೆಕಿಚ್ಚಿಗೆ ಕೂರಲು ಜಾಗವಿಲ್ಲದಂತಾಗಿ ಅದು ಅತ್ತಿತ್ತ ತಡಕಾಡಿತು. ಹೇಳಿಬಿಡಬೇಕು, ಈಗಲೇ, ಇಲ್ಲದಿದ್ದರೆ ಇನ್ನೆಂದಿಗೂ ಇಲ್ಲ ಅನ್ನಿಸಿತು. "ಕೊನೇಲಿ ಅಮ್ಮ ನಿಮ್ಮನ್ನೇ ಕೇಳ್ತಿದ್ರು. ನಾನು ನಿಮ್ಮನ್ನ ಬರೋಕೆ ಬಿಡಲಿಲ್ಲ. ಯಾಕಂದ್ರೆ…"

"ಗೊತ್ತು."

"ಏನು ಗೊತ್ತು?"

"ನೀನು ನಾಳೆ ಬನ್ನಿ ಅಂದ್ರೂ ಒಂದಿನ ಬಂದೆ. ಬಾಗಿಲು ತೆಗೆದೇ ಇತ್ತು. ಒಳಗೆ ನಿಮ್ಮಮ್ಮ, 'ಗೊಂಬೆ, ಕೈ ಎತ್ತು' ಅಂದ್ರು." ಅತ್ತಿಗೆ ತನ್ನ ಎರಡು ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡಳು. "ನನ್ನ ಕೈ ತಾವಾಗೇ ಎದ್ದುಬಿಟ್ವು ಕಣೇ. ಹೊರಗೆ, ಮೆಟ್ಟಿಲ ಮೇಲೆ ನಿಂತೋಳದ್ದು. ಮೊಮ್ಮಕ್ಕಳಾಗಿರೋ ಹೆಂಗಸು ನಾನು. ಒಳಗೆ ನೋಡಿದ್ರೆ ನೀನು ಎತ್ಕೊಂಡು ನಿಂತಿದೀಯ. ಸರಿ, ನಿಂತ್ಕೋ ಅಂದ್ಕೊಂಡೆ, ಯಾರೋ ಒಬ್ಬರು ನಿಂತ್ರಲ್ಲ. ಸದ್ದು ಮಾಡ್ದೆ ಇಳಿದು ಹೋದೆ. ಆಮೇಲೆ ಫೋನ್ ಮಾಡ್ತಿದ್ದಿದ್ದು, ನೀನು ಬೇಡ ಅಂತೀಯ ಅಂತ ಗೊತ್ತಿದ್ದೇ ಮಾಡ್ತಿದ್ದೆ."

ಒಳಗಿನಿಂದ ಅಣ್ಣ ಕೂಗಿದ, "ಏನು, ಅತ್ತಿಗೆ ನಾದಿನಿ ಅಲ್ಲೇ ಸಂಸಾರ ಹೂಡಿದ್ರಾ? ಬನ್ರಮ್ಮ!"

ಇವಳು ಒಳಗೆ ಬಂದಳು. ತಾನು ಕಳ್ಳತನ ಎಂದುಕೊಂಡು ಇಷ್ಟು ದಿನ ಹೊತ್ತದ್ದು ಅತ್ತಿಗೆ ಬೇಡವೆಂದು ಬಿಸಾಡಿ ಹೋದದ್ದು. ಹಗುರಾಗಬೇಕಿತ್ತು, ಆಗಲಿಲ್ಲ. ಅವಮಾನವಾದಂತಿತ್ತು. ಅದರ ಕೆಳಗೆ ಇನ್ನೇನೋ ಒಂದು, ಹೆಸರು ಹೇಳಲು ಬಾರದ್ದು, ಬೆನ್ನ ಮೂಳೆಯುದ್ದಕ್ಕೂ ಏರುತ್ತಿತ್ತು. ಅಧ್ಯಕ್ಷೆ ಎರಕದವರಿಗೆ ಫೋನು ಹಚ್ಚುವ ಸಿದ್ಧತೆಯಲ್ಲಿದ್ದರು. "ನೋಡಮ್ಮ, ಫಲಕಾನೂ ಕೊರೆಸಿ ಆಗಿದೆ, ತಾಯಿ ಮತ್ತು ಮಗಳು ಅಂತ. ನೀವೊಂದು ಹೂಂ ಅಂದ್ರೆ ನಾಳೆ ಬೆಳಿಗ್ಗೆ ಅವರು ಬರ್ತಾರೆ." ಹೂಂ ಅನ್ನಬಹುದಿತ್ತು. ಆ ಜಾಗ ಯಾರಿಗೆ ಸಲ್ಲಬೇಕೋ ಅವಳೇ ಅನ್ನು ಎಂದು ಹೇಳಿಯಾಗಿತ್ತು. ಇನ್ನು ಕದ್ದದ್ದಲ್ಲ, ಕೊಟ್ಟದ್ದು. ಬಿಸಿಲು, ಧೂಳು, ಪಾರಿವಾಳದ ಹಿಕ್ಕೆ ಎಲ್ಲದರ ನಡುವೆ ಸಮ ಭುಜದ ಮೇಲೆ ತನ್ನ ಮುಖವನ್ನಿಟ್ಟುಕೊಂಡು, ಅಮ್ಮ ಮಂಡಿಯೂರಿದ ಎದುರಿಗೆ, ಅವಳು ಎಂದೆಂದಿಗೂ ನಿಲ್ಲಬಹುದಿತ್ತು.

"ಈ ಕೈ ಇಳಿಸ್ಬೇಕು," ಎಂದಳು.

"ಯಾವ ಕೈ?" ಎಂದ ಶಿಲ್ಪಿ.

"ಮಗುದು. ಎರಡೂನೂ."

ಶಿಲ್ಪಿ ಅವಳ ದವಡೆ ಬಿಟ್ಟು ಮೊದಲ ಸಲ ಕಣ್ಣು ನೋಡಿದ. "ಅದಾಗಲ್ಲ. ಇಡೀ ಕೆಲಸ ನಿಂತಿರೋದೇ ಆ ಕೈಗಳ ಮೇಲೆ. ಫೋಟೋದಲ್ಲೂ ಹಾಗೇ ಇದೆ."

"ಫೋಟೋ ತೆಗೆದೋನು ಕ್ಲಿಕ್ ಅಂತ ತೆಗೆದು ಹೋದ. ಇವಳು ಎಷ್ಟು ಹೊತ್ತಂತ ನಿಂತಿರ್ತಾಳೆ?"

"ಮಣ್ಣಿಗೆ ಕೈ ನೋಯುತ್ತೇನೇ?" ಎಂದ ಅಣ್ಣ. ನಗಲು ನೋಡಿದ. "ಸುಮ್ಮನೆ ಹೂಂ ಅನ್ನು. ಯಾವಾಗ್ಲೂ ಹೀಗೇ ನೀನು, ಎಲ್ಲ ಸರಿಯಾಗಿರೋವಾಗ ಒಂದು ಕೊಂಕು."

ಅವಳು ಹತ್ತಿರ ಹೋದಳು. ಯಾರಾದರೂ ತಡೆಯುತ್ತಾರೆಂದು ಕಾದಳೋ ಏನೋ, ಯಾರೂ ತಡೆಯಲಿಲ್ಲ. ಮುಟ್ಟುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಮಣ್ಣಿನ ಮಣಿಕಟ್ಟು ತಣ್ಣಗೆ ನುಣುಪಾಗಿತ್ತು. ಹಿಡಿದು ಕೆಳಗೆ ಒತ್ತಿದಳು. ಒಳಗಿನ ತಂತಿ ಒಂದು ಕ್ಷಣ ಸೆಟೆದು ನಿಂತಿತು, ಆಮೇಲೆ ಬಾಗಿತು. ಕಂಕುಳಿನಲ್ಲಿ ಬಿರುಕು ಬಿಟ್ಟು ಮಣ್ಣಿನ ಹೆಂಟೆಯೊಂದು ಅಮ್ಮನ ಮಂಡಿಯ ಮೇಲೆ ಬಿದ್ದು ಒಡೆಯಿತು. "ಅಯ್ಯೋ!" ಎಂದರು ಅಧ್ಯಕ್ಷೆ. ಅಣ್ಣ ಅವಳ ತೋಳು ಹಿಡಿದು ಎಳೆದ, "ತಲೆ ಕೆಟ್ಟಿದೆಯೇನೇ ನಿನಗೆ?" ಅವಳು ಬಿಡಿಸಿಕೊಂಡು ಆ ಕಡೆ ಸುತ್ತಿ ಹೋಗಿ ಇನ್ನೊಂದು ಕೈಯನ್ನೂ ಇಳಿಸಿದಳು. ಉಸಿರು ಏರಿತ್ತು. ಭುಜ ಎಲ್ಲಿ ಹೇಗಿದೆ ಎಂಬ ಎಚ್ಚರ ಆಗ ಅವಳಿಗಿರಲಿಲ್ಲ.

ಶಿಲ್ಪಿ ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಹಿಂದಕ್ಕೆ ಸರಿದ, ಇನ್ನೂ ಸರಿದ, ಬಾಗಿಲಿಗೆ ಬೆನ್ನು ತಾಕುವವರೆಗೂ. ಸ್ಟೂಲಿನ ಮೇಲೆ ಹುಡುಗಿ ಈಗ ಕೈ ಇಳಿಬಿಟ್ಟು ನಿಂತಿದ್ದಳು. ಹಕ್ಕಿ ಹೋಗಿತ್ತು. ದಣಿದ ಒಂದು ಮಗು ಇತ್ತು, ಕಾಲ ಬಳಿ ಕೂತ ಹೆಂಗಸಿಗೆ ಅದು ಗೊತ್ತಾಗಿರಲಿಲ್ಲ.

"ಇದನ್ನ ನೋಡಿದ್ರೆ ಜನ ಏನಂತಾರೆ?" ಎಂದರು ಅಧ್ಯಕ್ಷೆ, ಅಳು ಬರುವ ದನಿಯಲ್ಲಿ. "ಮಗು ಸಿಡುಕ್ತಿರೋ ಹಾಗಿದೆಯಲ್ಲ. ಮಗಳಿಗೆ ತಾಯಿ ಮೇಲೆ ಏನೋ…"

"ಅದು ಮಗಳಲ್ಲ," ಎಂದಳು ಅತ್ತಿಗೆ.

ಅವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮಣ್ಣಿನ ಹುಡುಗಿಯ ಇಳಿದ ಕೈಗಳ ಮೇಲಿಂದ ಕಣ್ಣು ತೆಗೆಯದೆ ಒಳಗೆ ಬಂದಳು. "ಅದು ನಾನು."

"ಏನಂದೆ?" ಎಂದ ಅಣ್ಣ.

"ಫೋಟೋದಲ್ಲಿರೋದು ನಾನು ಅಂದೆ. ಆವತ್ತಿಂದಲೂ ನಾನೇ."

"ಪೇಪರಿನಲ್ಲಿ ಮಗಳು ಅಂತ ಬರೆದಿತ್ತಲ್ಲೇ!"

"ಪೇಪರಿನೋರು ನನ್ನ ಕೇಳಿದ್ರಾ? ನೀವು ಕೇಳಿದ್ರಾ?" ಅತ್ತಿಗೆ ಶಿಲ್ಪಿಯ ಕಡೆ ತಿರುಗಿದಳು. "ಹೀಗಿದ್ರೆ ಇರಲಿ. ಆದರೆ ನನ್ನ ಮುಖ ಇರಬೇಕು."

ಇವಳು ಅತ್ತಿಗೆಯತ್ತ ತಿರುಗಿದಳು. ಈಗ ತಾನೆ, ಹಿತ್ತಲಲ್ಲಿ, ನೀನೇ ಇರು ಅಂದವಳು. ತಾನು ಆ ಕೈ ಮುಟ್ಟದೆ ಹೂಂ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ತನ್ನ ಕೈಯಾರೆ ಇಳಿಸಿಕೊಟ್ಟಳು, ಇಳಿಸಿಕೊಟ್ಟ ಮೇಲೆ ಆ ಜಾಗಕ್ಕೆ ಯಜಮಾನಿ ಬಂದಳು. ಸಿಟ್ಟು ಬಂತು, ಬಾಲ್ಯದ್ದೇ ಸಿಟ್ಟು, ಒರಟು ಪರದೆಯ ರುಚಿಯ ಸಮೇತ. ಅತ್ತಿಗೆ ಅವಳ ಕಡೆ ನೋಡಿದಳು. ಕ್ಷಮೆ ಕೇಳುವ ನೋಟವಲ್ಲ, ಗೆದ್ದವಳ ನೋಟವೂ ಅಲ್ಲ. ಕಾಲು ಜೋಮು ಹಿಡಿದವರು ಏಳುವಾಗ ಪಕ್ಕದವರನ್ನು ನೋಡುವ ಹಾಗೆ ನೋಡಿದಳು, ಅಷ್ಟೇ. ಆ ನೋಟದ ಮುಂದೆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಮುಖ ತೆಗೀಬೇಕಾಗುತ್ತೆ," ಎಂದ ಶಿಲ್ಪಿ ಇವಳಿಗೆ. ರೋಗಿಗೆ ಹಲ್ಲು ಕೀಳಬೇಕು ಎಂದು ಡಾಕ್ಟರು ಹೇಳುವ ದನಿ.

"ತೆಗೀರಿ," ಎಂದಳು.

ಅವನು ಮಣ್ಣು ಕೆರೆಯುವ ತಂತಿಯ ಉಳಿ ತಂದ. ಮೊಂಡು ಮೂಗು ಮೊದಲು ಹೋಯಿತು, ಆಮೇಲೆ ಹಣೆ, ಆಮೇಲೆ ಗಲ್ಲ. ಒಂದೊಂದು ಹೋಳೂ ಮೆತ್ತಗೆ ಸದ್ದು ಮಾಡುತ್ತ ಹಲಗೆಯ ಮೇಲೆ ಬಿತ್ತು. ಅಧ್ಯಕ್ಷೆ ಹೊರಗೆ ಹೋಗಿ ಎರಕದವರಿಗೆ ನಾಳೆ ಬರಬೇಡಿ ಎಂದು ವಿವರಿಸುತ್ತಿದ್ದರು. ಅಣ್ಣ ತಲೆಯ ಮೇಲೆ ಕೈ ಹೊತ್ತು ಗೋಡೆಗೆ ಒರಗಿದ್ದ, ಹೆಂಡತಿಯ ಭುಜವನ್ನು ಎಂದೂ ನೋಡದವನಂತೆ ನೋಡುತ್ತಿದ್ದ. ಅತ್ತಿಗೆ ಶಿಲ್ಪಿ ತೋರಿಸಿದ ಪೆಟ್ಟಿಗೆಯ ಮೇಲೆ ಆರಾಮಾಗಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೆಳಕಿಗೆ ಮುಖ ಕೊಟ್ಟಳು.

"ಕಂಕುಳಿಗೆ ಮೊದಲು ಮಣ್ಣು ತುಂಬಬೇಕು, ಒಣಗಿದ್ರೆ ಕೈಯೇ ಬೀಳುತ್ತೆ," ಎಂದು ಶಿಲ್ಪಿ ಗೊಣಗಿದ.

ಇವಳು ಹಲಗೆಯ ಮುಂದೆ ಕೂತು ಆ ಹೋಳುಗಳನ್ನು ಒಟ್ಟು ಮಾಡಿದಳು. ಒಂದರಲ್ಲಿ ಕಣ್ಣಿನ ರೆಪ್ಪೆ ಇನ್ನೂ ಇತ್ತು. ಹೆಬ್ಬೆರಳಿನಿಂದ ಅದನ್ನು ಒತ್ತಿ ಅಳಿಸಿ, ನೀರು ಚಿಮುಕಿಸಿ, ಎಲ್ಲವನ್ನೂ ಒಂದೇ ಉಂಡೆಯಾಗಿ ಕಲಸತೊಡಗಿದಳು. ಮೇಣಕ್ಕಿಂತ ಇದು ಭಾರ, ಆದರೂ ಕೈಗೆ ಬೇಗ ಒಗ್ಗಿತು.

"ನೀವು ಹೇಳಲೇ ಇಲ್ಲ," ಎಂದ ಶಿಲ್ಪಿ ಕೆಲಸ ನಿಲ್ಲಿಸದೆ. "ನಿಮ್ಮನ್ನ ಕರೆಸಿದ್ದು ಅದಕ್ಕೆ. ಅಮ್ಮನ ಮುಖ ಸರಿ ಇದೆಯಾ?"

ಆಗ ಅವಳು ನೋಡಿದಳು. ಕೆಳಗೆ ಕೂತಿದ್ದರಿಂದ ಅಮ್ಮನ ಮುಖ ಅವಳ ಮುಖದ ಮಟ್ಟಕ್ಕೇ ಇತ್ತು. ತುಟಿಯಲ್ಲಿ ಸೂಜಿ, ಎತ್ತಿದ ಗದ್ದ, ಮುಖವಿಲ್ಲದ ಹುಡುಗಿಯ ಕಡೆಗೆ ನೆಟ್ಟ ಕಣ್ಣು. ಆ ಕಣ್ಣಿನಲ್ಲಿ ಮಮತೆ ಇರಲಿಲ್ಲ, ಹಸಿವಿತ್ತು. ಎದುರಿಗಿದ್ದವರು ಯಾರು, ನೋಯುತ್ತಿದೆಯೇ, ಹೋಗಬೇಕೇ, ಒಂದನ್ನೂ ಕೇಳದ, ಬಟ್ಟೆ ಬೀಳುವ ರೀತಿಯೊಂದನ್ನೇ ಕಾಣುವ ಹಸಿವು. ಈ ನೋಟಕ್ಕಾಗಿಯೇ ತಾನು ಪರದೆಯ ಹಿಂದೆ ಕಾದದ್ದು. ಅಮ್ಮನ ಕೊನೆಯ ತಿಂಗಳುಗಳಲ್ಲಿ ತನ್ನ ಮೇಲೆ ಬಿದ್ದದ್ದೂ ಇದೇ, ಬೇರೆಯವಳ ಹೆಸರಿನಲ್ಲಿ.

"ಸರಿ ಇದೆ," ಎಂದಳು. "ಹೀಗೇ ನೋಡ್ತಿದ್ರು."

ಎದ್ದು, ಕಲಸಿದ ಮಣ್ಣನ್ನು ಸ್ಟೂಲಿನ ಮೇಲಿನ ಹುಡುಗಿಯ ಕಂಕುಳಿನ ಬಿರುಕಿಗೆ ತುಂಬಿ, ಕೈ ಬೀಳದಂತೆ ಗಟ್ಟಿಯಾಗಿ ಒತ್ತಿದಳು.